ಅಳತೆ ಅಕ್ಕನ ಪಟ್ಟಿ

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದು ಪೆಟ್ಟಿಗೆಯ ತಳದಲ್ಲಿದ್ದ ಯಾವುದೋ ಹಳೆಯ ಕಾಗದದಲ್ಲಿ ಭದ್ರವಾಗಿತ್ತೇ ಹೊರತು ಯಾರ ಬಾಯಲ್ಲೂ ಇರಲಿಲ್ಲ. ದಡದ ಮೇಲಿನ ಅರವತ್ತು ಮನೆಗಳಿಗೂ ಅವಳು ಅಳತೆ ಅಕ್ಕ. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಗಂಡ ಬದುಕಿದ್ದಾಗ ಅವನೂ ಒಂದೆರಡು ಸಲ ಬಾಯಿತಪ್ಪಿ ಹಾಗೆ ಕರೆದು ನಾಲಿಗೆ ಕಚ್ಚಿಕೊಂಡದ್ದುಂಟು.

ಆ ಹೆಸರಿಗೆ ಕಾರಣ ಒಂದು ಮರದ ಪಟ್ಟಿ. ಗೇಣುದ್ದ, ಮೂರು ಬೆರಳಗಲ, ಅಂಚೆಲ್ಲ ಗಾಜಿನಷ್ಟು ನುಣುಪು. ಬಲೆ ಹೆಣೆಯುವಾಗ ದಾರವನ್ನು ಇಂಥ ಪಟ್ಟಿಗೆ ಒಂದು ಸುತ್ತು ಹಾಕಿ ಗಂಟು ಬಿಗಿದರೆ ಬಲೆಗೆ ಒಂದು ಕಣ್ಣು ಸೇರಿದ ಹಾಗೆ. ಪಟ್ಟಿ ಎಷ್ಟು ಅಗಲವೋ ಕಣ್ಣು ಅಷ್ಟು ದೊಡ್ಡದು. ಇದರಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ. ಆದರೆ ಆ ದಡದವರಿಗೆ ಇದ್ದದ್ದು ಎಲ್ಲರಿಗೂ ಸೇರಿ ಒಂದೇ ದೊಡ್ಡ ಬಲೆ. ಪ್ರತಿ ಮನೆಯವರೂ ತಮ್ಮ ಪಾಲಿನ ತುಂಡನ್ನು ತಾವೇ ಹೆಣೆದು ತರಬೇಕು. ಅರವತ್ತು ತುಂಡುಗಳನ್ನೂ ಕಣ್ಣಿಗೆ ಕಣ್ಣು ಕೂಡಿಸಿ ಹೊಲಿದರೆ ಅದೇ ಬಲೆ. ದೋಣಿ ಅದನ್ನು ಕಡಲಲ್ಲಿ ಅರ್ಧಚಂದ್ರದ ಹಾಗೆ ಇಳಿಸಿ ಬಂದ ಮೇಲೆ ಗಂಡಸರು ಹೆಂಗಸರೆನ್ನದೆ ಎಲ್ಲರೂ ದಡದಲ್ಲಿ ನಿಂತು ಎರಡು ಕಡೆಯ ಹಗ್ಗ ಹಿಡಿದು ಎಳೆಯುತ್ತಾರೆ. ಯಾರದೋ ಒಬ್ಬರ ತುಂಡಿನ ಕಣ್ಣು ದೊಡ್ಡದಾಯಿತೋ, ಬಲೆ ಅಲ್ಲೇ ಉಬ್ಬಿ, ಪೂರ್ತಿ ಭಾರ ಆ ಹೊಲಿಗೆಯ ಮೇಲೆ ಬೀಳುತ್ತದೆ.

ಅದಕ್ಕೇ ವರ್ಷಕ್ಕೊಂದು ಸಲ, ಕಡಲು ಒರಟಾಗಿ ದೋಣಿಗಳೆಲ್ಲ ಮರಳಿನ ಮೇಲೆ ಬೋರಲು ಬಿದ್ದ ಕೂಡಲೇ, ಹರಿದ ತುಂಡುಗಳ ಹೆಣಿಗೆ ಶುರು ಮಾಡುವ ಮೊದಲು ಮನೆಮನೆಯವರೂ ತಂತಮ್ಮ ಪಟ್ಟಿ ಹಿಡಿದುಕೊಂಡು ಅಳತೆ ಅಕ್ಕನ ಜಗಲಿಗೆ ಬರುತ್ತಿದ್ದರು. ಅವಳು ಒಂದೊಂದನ್ನೂ ತನ್ನ ಪಟ್ಟಿಗೆ ತಾಗಿಸಿ ನೋಡುವಳು. ಅಗಲ ಹೆಚ್ಚಿದ್ದರೆ ಕಲ್ಲಿಗೆ ಉಜ್ಜಿ ಸರಿಮಾಡಿ ಕೊಡುವಳು. ಕಡಿಮೆಯಿದ್ದರೆ ಮಾತಿಲ್ಲದೆ ಒಲೆಗೆ ಹಾಕುವಳು. ಅವಳ ಅಳತೆಯ ಬಗ್ಗೆ ಯಾರೂ ಎರಡು ಮಾತಾಡುತ್ತಿರಲಿಲ್ಲ. ಆಡಿದವನು ಒಬ್ಬನೇ, ಅವಳ ಸ್ವಂತ ತಮ್ಮ. ಅವನೂ ಒಂದೇ ಮಾತು ಆಡಿ ಸುಮ್ಮನಾಗಿದ್ದ.

ಅದಾಗಿ ಐದು ವರ್ಷವಾಗಿತ್ತು. ಆ ವರ್ಷ ತಮ್ಮನ ಹೆಂಡತಿ ಮೆಟ್ಟಿಲಿನಿಂದ ಜಾರಿ ಕೈ ಮುರಿದುಕೊಂಡಿದ್ದಳು. ಪ್ರತಿ ಸಲ ಹೆಣೆಯುತ್ತಿದ್ದವಳು ಅವಳೇ. ತಮ್ಮ ಹುಟ್ಟು ಹಾಕುವುದರಲ್ಲಿ ಗಟ್ಟಿಗ, ಸೂಜಿಯ ಕೆಲಸ ಅವನಿಗೆ ಅಷ್ಟಕ್ಕಷ್ಟೆ. ಆದರೂ ಛಲ ಹಿಡಿದು ಎರಡು ತಿಂಗಳು ಕೂತು ತನ್ನ ಪಾಲಿನ ತುಂಡನ್ನು ತಾನೇ ಹೆಣೆದ. ಅದಕ್ಕೆ ಪೆಟ್ಟಿಗೆಯಿಂದ ತನ್ನದೇ ಪಟ್ಟಿ ತೆಗೆದ. ಅಮ್ಮ ಒಂದೇ ಹಲಗೆಯಿಂದ ಎರಡು ಪಟ್ಟಿ ಸೀಳಿ, ಮಗಳಿಗೊಂದು ಮಗನಿಗೊಂದು ಕೊಟ್ಟಿದ್ದಳು. ಅಮ್ಮನ ಕೈಯ ಪಟ್ಟಿಗೆ ಮತ್ತೆ ಅಳತೆ ಯಾಕೆಂದು ಅವನು ಅದನ್ನು ಅಕ್ಕನ ಜಗಲಿಗೆ ತಂದಿರಲಿಲ್ಲ.

ಹಂಗಾಮು ಶುರುವಾದ ಮೂರನೇ ವಾರ, ಹತ್ತು ವರ್ಷದಲ್ಲಿ ಕಾಣದಂಥ ಮೀನಿನ ಹಿಂಡು ಬಂತು. ನೀರೆಲ್ಲ ಕಪ್ಪಾಗಿತ್ತು. ಎಳೆದೂ ಎಳೆದೂ ಎಲ್ಲರ ಅಂಗೈ ಸುಲಿದಿತ್ತು. ಇನ್ನೇನು ಬಲೆ ಸೊಂಟದ ಮಟ್ಟದ ನೀರಿಗೆ ಬಂತು ಅನ್ನುವಾಗ, ಸರಿಯಾಗಿ ತಮ್ಮನ ತುಂಡಿನ ಹೊಲಿಗೆಯಲ್ಲೇ ಚರ್ರನೆ ಹರಿಯಿತು. ಕಣ್ಣೆದುರೇ ಅಷ್ಟೂ ಮೀನು ಬುಳಬುಳನೆ ಹೊರಬಿದ್ದು ಕಡಲಿಗೆ ಹೋದದ್ದನ್ನು ನೋಡುತ್ತಾ ಅರವತ್ತು ಮನೆಯವರೂ ಬಾಯಿ ತೆರೆದುಕೊಂಡು ನಿಂತರು.

ಸಂಜೆ ಮರಳಿನ ಮೇಲೆ ಸಭೆ ಸೇರಿತು. ಬಲೆಯ ಯಜಮಾನ, ಅಂದರೆ ಬಲೆ ಯಾವಾಗ ಇಳಿಸಬೇಕು ಯಾವಾಗ ಎಳೆಯಬೇಕು ಎಂದು ಹೇಳುವ ಮುದುಕ, ಅಳತೆ ಅಕ್ಕನ ಕಡೆ ನೋಡಿದ. ಅವಳು ತನ್ನ ಪಟ್ಟಿಯನ್ನು ತಮ್ಮನ ಬಲೆಯ ಕಣ್ಣಿಗೆ ತೂರಿಸಿದಳು. ಪಟ್ಟಿ ಸಡಿಲವಾಗಿ ಆಡಿತು. ಕಣ್ಣು ದೊಡ್ಡದು ಮಾಡಿದರೆ ದಾರ ಉಳಿಯುತ್ತಲ್ಲ ಎಂದು ಹಿಂದಿನಿಂದ ಯಾರೋ ಗೊಣಗಿದರು. ಅವಳು ಅಷ್ಟಕ್ಕೆ ಸುಮ್ಮನಿರಬಹುದಿತ್ತು. ತಮ್ಮನೆಂದು ಕರುಣೆ ತೋರಿದಳು ಅನ್ನಿಸಿಕೊಳ್ಳಬಾರದೆಂಬ ಹಟಕ್ಕೆ ಬೇರೆಯವರಿಗೆ ಆಡದಷ್ಟು ಕಟುವಾಗಿ ಆಡಿಬಿಟ್ಟಳು.

"ಅಳತೆ ತಪ್ಪಿದೆ. ದಾರ ಉಳಿಸಿದ್ದಾನೆ."

"ಅಮ್ಮನ ಪಟ್ಟೀಲೇ ಹೆಣೆದದ್ದು ಅಕ್ಕಾ," ಅಂದ ತಮ್ಮ.

"ಅಮ್ಮನ ಪಟ್ಟಿ ನನ್ನ ಕೈಯಲ್ಲಿದೆ."

ಅವನು ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಸೊಂಟದ ಹತ್ತಿರ ಹೋದ ಕೈ ಅಲ್ಲೇ ನಿಂತಿತು. ಆಮೇಲೆ ತನ್ನ ತುಂಡನ್ನು ಬಿಚ್ಚಿ, ಮಡಚಿ, ಹೆಗಲ ಮೇಲೆ ಹಾಕಿಕೊಂಡು ಮನೆಗೆ ಹೋದ. ಮರುದಿನದಿಂದ ಹಗ್ಗಕ್ಕೆ ಬರಲಿಲ್ಲ. ಪುಟ್ಟ ದೋಣಿಯೊಂದರಲ್ಲಿ ಒಬ್ಬನೇ ಬಂಡೆಗಳ ಕಡೆ ಹೋಗಿ ಏಡಿ ಹಿಡಿಯತೊಡಗಿದ.

ಎರಡು ಮನೆಗಳ ನಡುವೆ ಇದ್ದದ್ದು ಮೂರೇ ಮನೆ. ಅಕ್ಕ ತಮ್ಮಂದಿರು ಐದು ವರ್ಷ ಒಂದು ಮಾತೂ ನೇರವಾಗಿ ಆಡಲಿಲ್ಲ. ಹೇಳಲೇಬೇಕಾದದ್ದನ್ನು ಅವಳು ಕೋಳಿಗೆ ಹೇಳುತ್ತಿದ್ದಳು. ಗಾಳಿ ತಿರುಗಿದೆ, ಇಂಥ ದಿನ ಬಂಡೆ ಹತ್ತಿರ ಹೋಗುವವರಿಗೆ ಬುದ್ಧಿ ನೆಟ್ಟಗಿಲ್ಲ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೋಳಿಯನ್ನು ಬೈದರೆ, ತಮ್ಮ ಆ ದಿನ ದೋಣಿ ಇಳಿಸುತ್ತಿರಲಿಲ್ಲ. ಹಗ್ಗದಲ್ಲಿ ಚಿಕ್ಕಂದಿನಿಂದ ಅವನ ಜಾಗ ಅವಳ ಮುಂದೆ. ಅವನು ಬಿಟ್ಟ ಮೇಲೂ ಅವಳು ಮುಂದಕ್ಕೆ ಸರಿಯಲಿಲ್ಲ, ಒಬ್ಬ ನಿಲ್ಲುವಷ್ಟು ಜಾಗ ಖಾಲಿ ಬಿಟ್ಟೇ ಎಳೆಯುತ್ತಿದ್ದಳು. ಅಕ್ಕನಿಗೆ ವಯಸ್ಸಾಯಿತು, ಮುಂದಿನವರ ಕಾಲು ತುಳಿಯುವ ಭಯ ಎಂದು ಹಿಂದಿದ್ದವರು ಅಂದುಕೊಂಡರು. ಹಾಗೇ ಅಂದುಕೊಳ್ಳಲಿ ಎಂದು ಅವಳೂ ಬಿಟ್ಟಳು.

ಈ ವರ್ಷ ಅವಳಿಗೆ ಮೊಮ್ಮಗಳು ಹುಟ್ಟಿದಳು. ಸೊಸೆ ತೊಟ್ಟಿಲು ಕಟ್ಟಬೇಕೆಂದು ಅಟ್ಟ ಹುಡುಕಿದಾಗ ಹಳೆಯ ಬಲೆಯ ತುಂಡೊಂದು ಸಿಕ್ಕಿತು. ಅಳತೆ ಅಕ್ಕನ ಅಮ್ಮ ಹೆಣೆದದ್ದು, ಹತ್ತಿ ದಾರದ್ದು. ಅದೇ ಬಲೆಯ ತೊಟ್ಟಿಲಲ್ಲಿ ಅವಳೂ ಮಲಗಿದ್ದಳಂತೆ, ತಮ್ಮನನ್ನಂತೂ ಅವಳೇ ತೂಗಿದ್ದಳು. ನಡುವೆ ಇಲಿ ಕಡಿದು ಎರಡು ಮೊಳದಗಲದ ತೂತು ಮಾಡಿತ್ತು. ಅದೇನು ಮಹಾ ಎಂದು ಅಳತೆ ಅಕ್ಕ ಹರಕನ್ನು ಚೊಕ್ಕವಾಗಿ ಕತ್ತರಿಸಿ, ಕಣ್ಣು ಎಣಿಸಿಕೊಂಡು, ಪಟ್ಟಿ ಹಿಡಿದು ಒಂದು ಬೆಳಗಿನ ಹೊತ್ತಿಗೆ ತೇಪೆ ಹೆಣೆದು ಮುಗಿಸಿದಳು.

ಮಗುವನ್ನು ಮಲಗಿಸಿದ ಸೊಸೆ ತಲೆ ಓರೆ ಮಾಡಿ ನೋಡಿದಳು.

"ಅತ್ತೆ, ತೊಟ್ಟಿಲು ಒಂದು ಕಡೆ ಎಳೀತಾ ಇದೆಯಲ್ಲ."

ಕಟ್ಟಿದ್ದು ಸರಿಯಿಲ್ಲ ಎಂದಳು ಅತ್ತೆ. ಬಿಚ್ಚಿ ತಾನೇ ಕಟ್ಟಿದಳು. ಆಗಲೂ ಎಳೆಯಿತು. ಹಗ್ಗದ ತಪ್ಪು ಅಂದಳು, ತೊಲೆಯ ತಪ್ಪು ಅಂದಳು, ಮಗು ಒಂದೇ ಮಗ್ಗುಲಿಗೆ ಹೊರಳುತ್ತದೆ ಎಂದು ಆರು ತಿಂಗಳ ಕೂಸಿನ ಮೇಲೂ ತಪ್ಪು ಹೊರಿಸಿದಳು. ಕೊನೆಗೆ ಬಲೆಯನ್ನು ನೆಲದ ಮೇಲೆ ಹರಡಿದಳು. ತೇಪೆಯ ಸುತ್ತ ಹಳೆಯ ಬಲೆ ನೆರಿಗೆ ನೆರಿಗೆಯಾಗಿ ಸುಕ್ಕುಗಟ್ಟಿತ್ತು. ಕಣ್ಣು ಎಣಿಸಿದಳು. ಅತ್ತ ಇಪ್ಪತ್ತು ಸಾಲು, ಇತ್ತ ಇಪ್ಪತ್ತು ಸಾಲು. ಲೆಕ್ಕ ಸರಿ. ಉದ್ದದಲ್ಲಿ ಮಾತ್ರ ಅಂಗೈ ಅಗಲದಷ್ಟು ಕಡಿಮೆ.

ಹಳೆಯ ದಾರ ಹಿಗ್ಗಿರಬೇಕು ಎಂದುಕೊಳ್ಳಲು ಹೋದಳು. ಆದರೆ ಮನಸ್ಸು ಒಪ್ಪಲಿಲ್ಲ. ಹತ್ತಿ ದಾರ ನೆನೆದರೆ ಕುಗ್ಗುತ್ತದೆಯೇ ಹೊರತು ಹಿಗ್ಗುವುದಿಲ್ಲ, ಇದು ಅವಳಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಪಟ್ಟಿಯನ್ನು ಅಮ್ಮನ ಬಲೆಯ ಒಂದು ಕಣ್ಣಿಗೆ ತೂರಿಸಿದಳು. ಅದು ಸಡಿಲವಾಗಿ ಆಡಿತು. ಆ ಸಂಜೆ ಮರಳಿನ ಮೇಲೆ ತಮ್ಮನ ಬಲೆಯಲ್ಲಿ ಹೇಗೆ ಆಡಿತ್ತೋ ಹಾಗೇ, ಒಂದು ಅಕ್ಕಿಕಾಳಿನಷ್ಟು.

ಅವಳು ಪಟ್ಟಿಯನ್ನು ಬೆಳಕಿಗೆ ಹಿಡಿದಳು. ಅಮ್ಮನ ಕಾಲದ್ದು ಮೆತ್ತನೆಯ ಹತ್ತಿ ದಾರ. ಇವಳ ಕಾಲಕ್ಕೆ ನೈಲಾನ್ ಬಂದಿತ್ತು, ಅದು ಮರವನ್ನು ಗರಗಸದ ಹಾಗೆ ತಿನ್ನುತ್ತದೆ. ಅಂಚಿನಲ್ಲಿ ಗೀರು ಬಿದ್ದರೆ ದಾರ ಸಿಕ್ಕಿಕೊಳ್ಳುತ್ತದೆಂದು ಅವಳು ವರ್ಷಕ್ಕೆ ನಾಲ್ಕು ಸಲ ಪಟ್ಟಿಯನ್ನು ಕಲ್ಲಿಗೆ ಉಜ್ಜಿ, ಎಣ್ಣೆ ಸವರಿ, ಮಗುವಿನಂತೆ ನೋಡಿಕೊಂಡಿದ್ದಳು. ಬೇರೆಯವಳು, ಯಾರಾದರೂ ಸೋಮಾರಿ, ಗೀರನ್ನು ಹಾಗೇ ಬಿಟ್ಟಿದ್ದರೆ ಪಟ್ಟಿ ಸವೆದದ್ದು ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಇವಳು ಮೂವತ್ತು ವರ್ಷ ಪ್ರೀತಿಯಿಂದ ಉಜ್ಜಿ ಉಜ್ಜಿ ಅದನ್ನು ಎರಡೂ ಕಡೆ ಸಮನಾಗಿ ಸಣ್ಣ ಮಾಡಿದ್ದಳು. ದಡದ ಪಟ್ಟಿಗಳೆಲ್ಲ ಇವಳ ಪಟ್ಟಿಯ ಜೊತೆಗೇ ಸಣ್ಣಗಾಗಿದ್ದವು. ಅಮ್ಮನ ಅಳತೆ ಹಾಗೇ ಉಳಿದದ್ದು ತಮ್ಮನ ಪೆಟ್ಟಿಗೆಯಲ್ಲಿ.

ಈಗಿನ ಕಡಲೇ ಹೀಗೆ, ಬರೀ ಮರಿಮೀನು ಕೊಡುತ್ತದೆ ಎಂದು ಕೆಲವು ವರ್ಷಗಳಿಂದ ಎಲ್ಲರೂ ಗೊಣಗುತ್ತಿದ್ದರು. ಮರಿಗಳು ನುಸುಳಿ ಹೋಗಬೇಕಾದ ಕಣ್ಣುಗಳನ್ನು ತಾವೇ ಕಿರಿದು ಮಾಡಿ, ಬೈಗುಳವನ್ನು ಮಾತ್ರ ಕಡಲಿಗೆ ಕಳಿಸಿದ್ದರು.

ಹಾಗೆಂದು ಅವಳು ಕೂಡಲೇ ಎದ್ದು ತಮ್ಮನ ಮನೆಗೆ ಓಡಿದಳೇ? ಇಲ್ಲ. ನಾಲ್ಕು ದಿನ ಮೀನಮೇಷ ಎಣಿಸಿದಳು. ಪಟ್ಟಿ ತೋರಿಸುವ ಬೆಳಗಿಗೆ ಐದೇ ದಿನ ಉಳಿದಿತ್ತು. ಹೊಸ ಪಟ್ಟಿಯೊಂದನ್ನು ಕೆತ್ತಿ, ಹಳೆಯದು ಸೀಳಿತು ಎಂದು ಹೇಳಿಬಿಟ್ಟರೆ ಯಾರಿಗೆ ಏನು ಗೊತ್ತಾಗುತ್ತದೆ? ಯಾರಿಗೂ ಗೊತ್ತಾಗುವುದಿಲ್ಲ. ಹೆಸರೂ ಉಳಿಯುತ್ತದೆ. ಆದರೆ ತಮ್ಮನ ತಲೆಯ ಮೇಲೆ ದಾರ ಉಳಿಸಿದವನು ಎಂಬ ಮಾತೂ ಹಾಗೇ ಉಳಿಯುತ್ತದೆ. ಅನ್ನದ ತಟ್ಟೆಯ ಮುಂದೆ ಕೂತರೆ ಅದೇ, ಮಗುವನ್ನು ತೂಗಲು ಕೂತರೆ ಅದೇ. ತೊಟ್ಟಿಲಂತೂ ಹಟ ಹಿಡಿದಂತೆ ಒಂದೇ ಕಡೆಗೆ ಎಳೆಯುತ್ತಿತ್ತು.

ಐದನೆಯ ದಿನ ಬೆಳಿಗ್ಗೆ ಪಟ್ಟಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟಳು. ಮೂರು ಮನೆ ದಾಟುವುದಕ್ಕೆ ಮೂರು ಮೈಲಿ ನಡೆದಷ್ಟು ಹೊತ್ತಾಯಿತು. ತಮ್ಮ ಹಿತ್ತಲಿನ ಚಪ್ಪರದ ಕೆಳಗೆ ಕೂತು ಏಡಿಬುಟ್ಟಿಯ ಬಾಯಿ ಕಟ್ಟುತ್ತಿದ್ದ. ಅವನ ಹೆಂಡತಿ ಇವಳನ್ನು ಕಂಡು, ಕೈಯಲ್ಲಿದ್ದ ಪಾತ್ರೆ ಅಲ್ಲೇ ಇಟ್ಟು, ಏನೋ ನೆನಪಾದವಳಂತೆ ಒಳಗೆ ಹೋಗಿ ಬಾಗಿಲ ಮರೆಯಲ್ಲಿ ನಿಂತಳು.

ಹತ್ತಿರ ಒಂದು ಕೋಳಿಯೂ ಇರಲಿಲ್ಲ. ನೇರವಾಗಿಯೇ ಮಾತಾಡಬೇಕಾಯಿತು.

"ನಿನ್ನ ಪಟ್ಟಿ ಎಲ್ಲಿದೆ?" ಅಂದಳು.

ಅವನು ತಲೆ ಎತ್ತಲಿಲ್ಲ. ಸೊಂಟಕ್ಕೆ ಕೈ ಹಾಕಿ ಪಟ್ಟಿ ತೆಗೆದು ಚಾಪೆಯ ಮೇಲಿಟ್ಟ. ಅವಳು ಪಕ್ಕದಲ್ಲಿ ತನ್ನದನ್ನು ಇಟ್ಟಳು. ಬಣ್ಣ ಒಂದೇ, ಮರದ ಗೆರೆಗಳೂ ಒಂದರಿಂದ ಇನ್ನೊಂದಕ್ಕೆ ಹರಿದ ಹಾಗಿದ್ದವು. ಅಗಲದಲ್ಲಿ ಮಾತ್ರ ಒಂದು ಅಕ್ಕಿಕಾಳಿನ ವ್ಯತ್ಯಾಸ. ಅವಳು ಆ ಅಂತರದ ಮೇಲೆ ಬೆರಳಾಡಿಸಿದಳು.

"ನಿಂಗೆ ಯಾವಾಗ ಗೊತ್ತಾಯ್ತು?"

"ಆವತ್ತೇ. ನೀನು ನನ್ನ ಬಲೆಗೆ ಪಟ್ಟಿ ಹಾಕಿದಾಗ ಅಂಚು ನೋಡಿದೆ. ಸವೆದಿತ್ತು."

"ನಿನ್ನದು ಎಲ್ಲಿತ್ತು ಆಗ?"

"ಸೊಂಟದಲ್ಲೇ ಇತ್ತು."

ಅಷ್ಟು ಜನರ ಮುಂದೆ ಪಟ್ಟಿ ತೆಗೆದು ಪಕ್ಕಕ್ಕಿಟ್ಟಿದ್ದರೆ ಮುಗಿಯುತ್ತಿತ್ತು. ಐದು ವರ್ಷ ಒಬ್ಬನೇ ಏಡಿ ಹಿಡಿಯಬೇಕಾಗಿರಲಿಲ್ಲ.

"ಯಾಕೋ ತೆಗೀಲಿಲ್ಲ?"

ತಮ್ಮ ಬುಟ್ಟಿಯ ಗಂಟನ್ನು ಹಲ್ಲಿನಿಂದ ಬಿಗಿದ. "ನಾನು ಹುಟ್ಟು ಹಾಕೋನು. ಎಲ್ಲಾದ್ರೂ ಬದುಕ್ತೀನಿ. ನಿಂಗೆ ಇರೋದು ಅದೊಂದೇ ಹೆಸರು ಅಕ್ಕಾ."

ಅವಳು ಅತ್ತಳು. ಸೆರಗು ಬಾಯಿಗೆ ಒತ್ತಿಕೊಳ್ಳದೆ, ಮುಖ ತಿರುಗಿಸದೆ, ಗಂಡ ಸತ್ತಾಗ ಅತ್ತದ್ದಕ್ಕಿಂತ ಹೆಚ್ಚು ಅತ್ತಳು. ತಮ್ಮ ಏನು ಮಾಡಬೇಕೆಂದು ತೋಚದೆ ಒಂದು ಬುಟ್ಟಿಯನ್ನು ಅವಳ ಕಡೆ ತಳ್ಳಿದ. ಅವಳು ಅಳುತ್ತಲೇ ಅದರ ಬಾಯಿ ಕಟ್ಟಿಕೊಟ್ಟಳು. ಬಾಗಿಲ ಮರೆಯಲ್ಲಿದ್ದವಳು ಬಂದು ಎರಡು ಲೋಟ ಚಹಾ ಇಟ್ಟು ಹೋದಳು. ಹೊರಡುವಾಗ ತಮ್ಮ, ಆದದ್ದು ಆಯಿತು, ಜನರ ಮುಂದೆ ಏನೂ ಹೇಳಬೇಡ, ಹೊಸದೊಂದು ಪಟ್ಟಿ ಮಾಡಿಕೋ ಸಾಕು ಎಂದ. ಅವಳು ಎರಡೂ ಪಟ್ಟಿ ಎತ್ತಿಕೊಂಡು ಹೋದಳು.

ಮರುದಿನ ಬೆಳಿಗ್ಗೆ ಜಗಲಿ ತುಂಬಿತು. ಮರಳಿನವರೆಗೂ ಜನ, ಎಲ್ಲರ ಕೈಯಲ್ಲೂ ಪಟ್ಟಿ. ಅವಳು ಯಾರ ಪಟ್ಟಿಯನ್ನೂ ಮುಟ್ಟಲಿಲ್ಲ. ಮಣೆಯ ಮೇಲೆ ಎರಡು ಪಟ್ಟಿಗಳನ್ನೂ ಪಕ್ಕಪಕ್ಕ ಇಟ್ಟು ಯಜಮಾನನನ್ನು ಕರೆದಳು.

"ನನ್ನದು ಸವೆದಿದೆ. ನಂಗೆ ಗೊತ್ತಾಗಲಿಲ್ಲ. ಆವತ್ತು ನನ್ನ ತಮ್ಮನ ಅಳತೆ ಸರಿ ಇತ್ತು, ನಮ್ಮೆಲ್ಲರದೂ ತಪ್ಪಾಗಿತ್ತು. ಅವನು ದಾರ ಉಳಿಸಿದ ಅಂತ ಅಂದದ್ದು ಸುಳ್ಳು. ಅಂದವಳು ನಾನು."

ಯಜಮಾನ ಬಗ್ಗಿ, ಕಣ್ಣು ಕಿರಿದು ಮಾಡಿ, ಉಗುರಿನಿಂದ ಅಂತರವನ್ನು ಮುಟ್ಟಿ ನೋಡಿದ. ಅಷ್ಟರಲ್ಲಿ ಜನಕ್ಕೆ ಅದರ ಅರ್ಥ ತಲೆಗೆ ಹತ್ತಿತು. ಅಳತೆ ಬದಲಾದರೆ ಈ ಸಲ ಹರಿದ ನಾಲ್ಕಾರು ತುಂಡು ಹೆಣೆದರೆ ಸಾಲದು. ಹೊಸದೂ ಹಳೆಯದೂ ಒಂದಕ್ಕೊಂದು ಕೂಡುವುದಿಲ್ಲ. ಇಡೀ ಬಲೆಯೇ ಹೊಸದಾಗಿ ಆಗಬೇಕು. ಆಗ ಶುರುವಾಯಿತು ಗದ್ದಲ. ಒಂದು ಅಕ್ಕಿಕಾಳು ತಾನೇ ಎಂದರು ಕೆಲವರು. ಇಷ್ಟು ವರ್ಷ ನಡೆಯಲಿಲ್ಲವೇ ಎಂದರು ಇನ್ನು ಕೆಲವರು. ಕಳೆದ ವರ್ಷವಷ್ಟೇ ಹೊಸ ತುಂಡು ಮುಗಿಸಿದ್ದ ಒಬ್ಬಳಂತೂ ಅಳತೆ ಅಕ್ಕನನ್ನು ಮುಖ ಮೂತಿ ನೋಡದೆ ಬೈದಳು. ಅಳತೆ ಅಕ್ಕ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ಕೂತಿದ್ದಳು. ಕೈಲಾಗದವರ ತುಂಡುಗಳನ್ನೆಲ್ಲ ತಾನೇ ಹೆಣೆದುಕೊಡುತ್ತೇನೆ ಎಂದಷ್ಟೇ ಹೇಳಿದಳು.

ಯಜಮಾನ ಗಂಟಲು ಸರಿಮಾಡಿಕೊಂಡ. ಕಡಲು ಇನ್ನೆರಡು ತಿಂಗಳು ನಮ್ಮನ್ನು ಹತ್ತಿರ ಸೇರಿಸುವುದಿಲ್ಲ, ಅಷ್ಟು ದಿನ ಮಲಗಿ ಬೆನ್ನು ನೋಯಿಸಿಕೊಳ್ಳುವ ಬದಲು ಹೆಣೆಯಿರಿ ಎಂದ. ಮರಿಮೀನಿನ ಸಾರು ತಿಂದು ತಿಂದು ತನ್ನ ಗಂಟಲಿಗೆಲ್ಲ ಮುಳ್ಳು ಹತ್ತಿದೆ, ಸಾಯುವ ಮೊದಲು ಒಂದು ದೊಡ್ಡ ಮೀನು ತಿನ್ನಬೇಕು ಎಂದೂ ಸೇರಿಸಿದ. ಜನ ಗೊಣಗುತ್ತಲೇ ನಕ್ಕರು. ಆಮೇಲೆ ಒಬ್ಬೊಬ್ಬರೇ ತಮ್ಮ ಪಟ್ಟಿಗಳನ್ನು ಒಲೆಗೆ ಹಾಕಿ, ಹೊಸ ಹಲಗೆ ತರಲು ಹೋದರು.

ಆ ದಿನವೇ ಅವಳು ತಮ್ಮನ ಪಟ್ಟಿಯನ್ನು ವಾಪಸು ಕೊಟ್ಟು, ಇನ್ನು ಮುಂದೆ ಇದು ನಿನ್ನ ಜಗಲಿಯಲ್ಲಿರಲಿ, ಜನ ಅಲ್ಲಿಗೇ ಬರಲಿ ಎಂದಳು. ತನ್ನದರಿಂದ ಮೊಮ್ಮಗಳ ತೊಟ್ಟಿಲಿಗೆ ಅಡ್ಡಪಟ್ಟಿ ಮಾಡಿದಳು. ತೇಪೆ ಬಿಚ್ಚಿ ಅಮ್ಮನ ಅಳತೆಯಲ್ಲಿ ಮತ್ತೆ ಹೆಣೆದಳು. ತೊಟ್ಟಿಲು ನೆಟ್ಟಗೆ ನಿಂತಿತು. ಅಳತೆ ಅಕ್ಕ ಎಂದು ಕರೆಯುವುದನ್ನು ಜನ ಬಿಡಬಹುದೆಂದು ಅವಳು ಕಾದಿದ್ದಳು. ಯಾರೂ ಬಿಡಲಿಲ್ಲ. ಬೈದಿದ್ದವಳು ಕೂಡ ಮೂರನೇ ದಿನ, ಅಳತೆ ಅಕ್ಕಾ, ಈ ಮೂಲೆ ಹೇಗೆ ತಿರುಗಿಸೋದು ನೋಡಿ ಎಂದು ದಾರದ ಸಮೇತ ಬಂದು ಕೂತಳು. ಅವಳು ತನ್ನ ತುಂಡಲ್ಲದೆ ಬೇರೆಯವರ ಏಳು ತುಂಡು ಹೆಣೆದಳು. ಬೆರಳ ಸಂದುಗಳೆಲ್ಲ ಬಿರಿದವು.

ತಮ್ಮ ಮಾತ್ರ ಹಗ್ಗಕ್ಕೆ ಬರುವ ವಿಷಯ ಎತ್ತಲಿಲ್ಲ. ಅವಳೂ ಕೇಳಲಿಲ್ಲ. ಐದು ವರ್ಷ ಕೋಳಿಯ ಮೂಲಕ ಮಾತಾಡಿದವಳಿಗೆ ಕೇಳುವ ಧೈರ್ಯ ಎಲ್ಲಿಂದ ಬರಬೇಕು?

ಎರಡು ತಿಂಗಳಾದ ಮೇಲೆ ಕಡಲು ಮೆತ್ತಗಾಯಿತು. ಹೊಸ ಬಲೆ ಹೊತ್ತ ದೋಣಿ ಮೊದಲ ಸುತ್ತು ಹಾಕಿ ಬಂತು. ಎಲ್ಲರೂ ಹಗ್ಗ ಹಿಡಿದರು. ಅಳತೆ ಅಕ್ಕ ತನ್ನ ಜಾಗದಲ್ಲಿ ನಿಂತಳು. ಮುಂದಿನ ಜಾಗವನ್ನು ಎಂದಿನಂತೆ ಖಾಲಿ ಬಿಟ್ಟಳು. ಯಜಮಾನ ಕೈ ಎತ್ತಬೇಕು ಅನ್ನುವಷ್ಟರಲ್ಲಿ, ಒದ್ದೆ ಮರಳಿನ ಮೇಲೆ ಹೆಜ್ಜೆ ಕೇಳಿಸಿತು. ತಮ್ಮ ಏಡಿಯ ದೋಣಿಯನ್ನು ಮೇಲೆಳೆದು ಬಿಟ್ಟು ಬಂದಿದ್ದ. ಅಂಗೈಗೆ ಉಗುಳಿಕೊಂಡು, ಅಕ್ಕನ ಮುಂದಿದ್ದ ಖಾಲಿ ಜಾಗಕ್ಕೆ ನುಗ್ಗಿ ಹಗ್ಗ ಹಿಡಿದ. ಐದು ವರ್ಷದಲ್ಲಿ ಅವನು ಸ್ವಲ್ಪ ದಪ್ಪಗಾಗಿದ್ದ. ಮೊಣಕೈ ಹಿಂದಕ್ಕೆ ಬಂದು ಅಕ್ಕನ ಎದೆಗೆ ತಾಗಿತು.

ಅವನು ತಿರುಗಿ ಆ ಜಾಗವನ್ನೂ ಅವಳನ್ನೂ ನೋಡಿದ.

"ಇಷ್ಟು ಸಾಲಲ್ಲ ಅಕ್ಕಾ, ಸ್ವಲ್ಪ ಹಿಂದೆ ಸರಿ," ಅಂದ. "ನಿನ್ನ ಅಳತೆ ಯಾವತ್ತೂ ಒಂದು ಅಕ್ಕಿಕಾಳು ಕಮ್ಮಿನೇ."

ಸಾಲಿನ ಈ ತುದಿಯಿಂದ ಆ ತುದಿಯವರೆಗೂ ಜನ ನಕ್ಕರು. ಅಳತೆ ಅಕ್ಕನೂ ನಕ್ಕಳು, ಕಣ್ಣೊರೆಸಿಕೊಳ್ಳೋಣವೆಂದರೆ ಎರಡೂ ಕೈ ಹಗ್ಗದ ಮೇಲಿದ್ದವು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಅವಳ ಹಿಂದಿದ್ದವರೆಲ್ಲ ಒಬ್ಬರಾದ ಮೇಲೊಬ್ಬರು ಒಂದೊಂದು ಹೆಜ್ಜೆ ಸರಿದು ಜಾಗ ಮಾಡಿಕೊಂಡರು. ಆಮೇಲೆ ಎಲ್ಲರೂ ಸೇರಿ ಎಳೆದರು.